ಕಿಡಿಯ ನಿದಾನ: ಹಳೆಯ ಮೋಟಾರು ಸೈಕಲ್ಲಿನಲ್ಲಿ ಹೊಂದದ ಬಿಡಿಭಾಗವನ್ನು ಗುರುತಿಸುವ ಬಗೆ

ಕಾಯಕಕ್ಕೆ ಪೂಜೆಯ ಮನ್ನಣೆಯನ್ನು ತಂದುಕೊಟ್ಟವರು ಹನ್ನೆರಡನೆಯ ಶತಮಾನದ ಶಿವಶರಣರು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಿದಿರಿನ ಕಸುಬಿನ ಮೇದರ ಕೇತಯ್ಯ, ಬಟ್ಟೆಯನ್ನು ಮಡಿಮಾಡುವ ಮಡಿವಾಳ ಮಾಚಯ್ಯ ಮೊದಲಾದವರು ತಮ್ಮ ತಮ್ಮ ಕಸುಬಿನ ನಡುವೆಯೇ ಅನುಭಾವದ ಎತ್ತರವನ್ನು ಮುಟ್ಟಿದರು. ಈ ದೃಷ್ಟಿಯಿಂದ ನೋಡಿದರೆ, ಊರಿನ ಬಸ್ಸುನಿಲ್ದಾಣದ ಬದಿಯಲ್ಲಿ ತಗಡಿನ ಮಾಡಿನ ಕೆಳಗೆ ಕುಳಿತು, ಎಣ್ಣೆ ಮೆತ್ತಿದ ಕೈಗಳಿಂದ ಹಳೆಯ ಮೋಟಾರು ಸೈಕಲ್ಲಿನ ಎಂಜಿನ್ನನ್ನು ಬಿಚ್ಚುವ ಮೇಸ್ತ್ರಿಯ ಕೆಲಸವೂ ಒಂದು ವಿದ್ವತ್ತಿನ ಕೆಲಸವೇ ಸರಿ. ರೋಗವನ್ನು ನಿರ್ಣಯಿಸುವ ವೈದ್ಯನಿಗೂ ಹಸ್ತಪ್ರತಿಯ ಪಾಠವನ್ನು ಶೋಧಿಸುವ ಪಂಡಿತನಿಗೂ ಬೇಕಾದ ತಾಳ್ಮೆ, ಕ್ರಮ, ಸಂದೇಹಬುದ್ಧಿ ಈ ಮೂರೂ ಅವನಿಗೆ ಬೇಕು.

ಸಂಸ್ಕೃತದಲ್ಲಿ ‘ನಿದಾನ’ವೆಂದರೆ ಮೂಲಕಾರಣ. ರೋಗದ ಕಾರಣವನ್ನೂ ಲಕ್ಷಣವನ್ನೂ ವಿವೇಚಿಸುವ ಆಯುರ್ವೇದದ ಭಾಗಕ್ಕೂ ಅದೇ ಹೆಸರು. ಕನ್ನಡಿಗರು ದಿನಬಳಕೆಯಲ್ಲಿ ಆಡುವ ‘ನಿಧಾನ’ವು ಮಹಾಪ್ರಾಣವುಳ್ಳ ಬೇರೊಂದು ಮಾತು, ಅದಕ್ಕೆ ಸಾವಕಾಶ, ಸಮಾಧಾನ ಎಂಬ ಅರ್ಥಗಳು. ಮಾತುಗಳು ಬೇರೆಯಾದರೂ ಕೆಲಸದಲ್ಲಿ ಇವೆರಡೂ ಒಂದನ್ನೊಂದು ಬಿಟ್ಟಿರಲಾರವು. ನಿಧಾನವಿಲ್ಲದವನಿಗೆ ನಿದಾನವು ದೊರಕುವುದಿಲ್ಲ. ಈ ಮಾತಿನ ಸತ್ಯವನ್ನು ಕಾಣುವುದಕ್ಕೆ ಹಳೆಯ ಮೋಟಾರು ಸೈಕಲ್ಲಿನ ಕಿಡಿಯ ವ್ಯವಸ್ಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದರಲ್ಲಿಯೂ, ಕೆಟ್ಟುಹೋದ ಭಾಗಕ್ಕಿಂತ ಹೊಂದದ ಭಾಗವನ್ನು ಕಂಡುಹಿಡಿಯುವುದು ಎಷ್ಟು ಸೂಕ್ಷ್ಮವಾದ ಕೆಲಸವೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೈಸೂರಿನ ಎಂಜಿನ್ನು

ಕರ್ನಾಟಕದಲ್ಲಿ ಹಳೆಯ ಮೋಟಾರು ಸೈಕಲ್ಲೆಂದೊಡನೆ ನೆನಪಿಗೆ ಬರುವ ಹೆಸರು ಜಾವಾ. ಅದರ ಬೆನ್ನಿಗೇ ಯೆಜ್ಡಿ. ಜಾವಾದ ಮೂಲ ಹಿಂದಿನ ಚೆಕೊಸ್ಲೊವಾಕಿಯಾ ದೇಶ. ಅಲ್ಲಿನ ಯಾನೆಚೆಕ್ ಎಂಬ ಉದ್ಯಮಿಯು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದು, ತನ್ನ ಹೆಸರಿನ ಮೊದಲ ಭಾಗವನ್ನೂ ವಾಂಡರರ್ ಎಂಬುದರ ಮೊದಲ ಭಾಗವನ್ನೂ ಕೂಡಿಸಿ ಈ ಹೆಸರನ್ನು ಕಟ್ಟಿದನು. ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯು ೧೯೬೦ರಲ್ಲಿ ಸ್ಥಾಪನೆಗೊಂಡು, ಮಾರನೆಯ ವರ್ಷದಿಂದ ಗಾಡಿಗಳನ್ನು ಹೊರತರತೊಡಗಿತು. ೧೯೭೩ರಿಂದ ಅವು ಯೆಜ್ಡಿ ಎಂಬ ಹೆಸರಿನಿಂದ ಬಂದವು. ಇರಾನ್ ದೇಶದ ಯಜ್ದ್ ನಗರದ ನೆನಪು ಆ ಹೆಸರಿನಲ್ಲಿದೆ. ೧೯೭೮ರಲ್ಲಿ ರೋಡ್‌ಕಿಂಗ್ ಮಾದರಿಯು ಬಂದಿತು. ೧೯೯೬ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು ೨೦೧೮ರಲ್ಲಿಯೂ ಯೆಜ್ಡಿ ಎಂಬ ಹೆಸರು ೨೦೨೨ರಲ್ಲಿಯೂ ಮತ್ತೆ ಮಾರುಕಟ್ಟೆಗೆ ಬಂದುವಾದರೂ, ಆ ಹೊಸ ಗಾಡಿಗಳ ಎಂಜಿನ್ನೇ ಬೇರೆ. ಹಳೆಯದು ಎರಡು ಹೊಡೆತದ್ದು, ಹೊಸದು ನಾಲ್ಕು ಹೊಡೆತದ್ದು. ಹೆಸರು ಒಂದೇ ಎಂದು ಹೊಸದರ ಕಿಡಿಯ ಭಾಗವನ್ನು ಹಳೆಯದಕ್ಕೆ ತೊಡಿಸಲು ಬರುವುದಿಲ್ಲ.

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಂತಹ ಊರುಗಳಲ್ಲಿ ಈ ಗಾಡಿಗಳು ಮನೆಯ ಎತ್ತುಗಳಂತೆ ದುಡಿದವು. ತೆಂಗಿನ ತೋಟದ ಕಾಲುದಾರಿ, ಕಲ್ಲುಮಣ್ಣಿನ ಏರು, ಸಂತೆಯ ಮೂಟೆ, ಹಾಲಿನ ಕ್ಯಾನು ಯಾವುದಕ್ಕೂ ಅವು ಬೆನ್ನು ತಿರುಗಿಸುವ ಜಾತಿಯವಲ್ಲ. ೨೫೦ ಎಂದು ಕರೆಯಲಾಗುವ ಎಂಜಿನ್ನಿನ ಉರುಳೆಯ ಒಳವ್ಯಾಸ ೬೫ ಮಿಲಿಮೀಟರು, ಪಿಸ್ಟನ್ನು ಚಲಿಸುವ ದೂರ ೭೫ ಮಿಲಿಮೀಟರು. ಒಂದೇ ಉರುಳೆಗೆ ಎರಡು ಸೈಲೆನ್ಸರುಗಳು. ಕಿಕ್ಕರಿಗೂ ಗೇರಿಗೂ ಒಂದೇ ಸನ್ನೆ. ಕವಾಟಗಳಿಲ್ಲದ ಸರಳ ರಚನೆಯಾದುದರಿಂದ, ಹಳ್ಳಿಯ ಮೇಸ್ತ್ರಿಯೂ ನಾಲ್ಕಾರು ಸ್ಪಾನರುಗಳಿಂದ ಅದನ್ನು ಬಿಚ್ಚಿ ಜೋಡಿಸಬಲ್ಲನು.

ಆದರೆ ಕಾರ್ಖಾನೆ ಮುಚ್ಚಿದ ಮೇಲೆ ಮೂಲ ಬಿಡಿಭಾಗಗಳ ಹರಿವು ನಿಂತಿತು. ಈಗ ಅಂಗಡಿಗಳಲ್ಲಿ ದೊರೆಯುವುದು ಮೂರು ತರಹದ ಸರಕು: ಹಳೆಯ ದಾಸ್ತಾನಿನಲ್ಲಿ ಉಳಿದದ್ದು, ಮೂಲವನ್ನು ನೋಡಿ ಮಾಡಿದ ಪ್ರತಿಕೃತಿ, ಬೇರೆ ಗಾಡಿಗೆಂದು ಮಾಡಿದ್ದರೂ ಇದಕ್ಕೆ ಕೂರುವಂಥದು. ತೊಡಕು ಹುಟ್ಟುವುದು ಹೆಚ್ಚಾಗಿ ಮೂರನೆಯದರಿಂದ, ಕೆಲವೊಮ್ಮೆ ಎರಡನೆಯದರಿಂದ.

ಕಿಡಿ ಹುಟ್ಟುವ ಬಗೆ

ಹೊಂದದ್ದನ್ನು ಗುರುತಿಸಬೇಕಾದರೆ ಹೊಂದಿದ್ದು ಹೇಗೆ ಕೆಲಸಮಾಡುವುದೆಂದು ಮೊದಲು ತಿಳಿದಿರಬೇಕು. ಹಳೆಯ ಜಾವಾ ೨೫೦ರದು ಆರು ವೋಲ್ಟಿನ ವ್ಯವಸ್ಥೆ. ಅದರ ಡೈನಮೊ ೪೫ ವ್ಯಾಟಿನದು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಬೀಗದ ಸ್ವಿಚ್ಚನ್ನು ದಾಟಿ, ಇಗ್ನಿಶನ್ ಕಾಯಿಲಿನ ದಪ್ಪತಂತಿಯ ಸುರುಳಿಯೊಳಗೆ ಹರಿದು, ಅಲ್ಲಿಂದ ಎಂಜಿನ್ನಿನ ಬಲಬದಿಯ ಮುಚ್ಚಳದೊಳಗಿರುವ ಪಾಯಿಂಟಿಗೆ ಬರುತ್ತದೆ. ಪಾಯಿಂಟೆಂದರೆ ಮುಖಕ್ಕೆ ಮುಖ ಕೊಟ್ಟು ಕೂಡಿರುವ ಎರಡು ಲೋಹದ ಬಿಲ್ಲೆಗಳು. ಅವು ಕೂಡಿರುವಷ್ಟು ಹೊತ್ತು ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ, ಅದರ ಸುತ್ತ ಕಾಂತಕ್ಷೇತ್ರವು ಬೆಳೆಯುತ್ತದೆ. ಡೈನಮೊವಿನ ತುದಿಯಲ್ಲಿ ಕುಳಿತು ಎಂಜಿನ್ನಿನೊಡನೆ ತಿರುಗುವ ಕ್ಯಾಮಿನ ಉಬ್ಬು ಬಂದು ಬಿಲ್ಲೆಗಳನ್ನು ಬೇರ್ಪಡಿಸಿದೊಡನೆ ಹರಿವು ಕಡಿಯುತ್ತದೆ, ಕಾಂತಕ್ಷೇತ್ರವು ಥಟ್ಟನೆ ಕುಸಿಯುತ್ತದೆ. ಆ ಕುಸಿತದ ರಭಸಕ್ಕೆ, ಅದೇ ಕಾಯಿಲಿನ ಒಳಗಿರುವ ಸಾವಿರಾರು ಸುತ್ತಿನ ತೆಳುತಂತಿಯ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡವು ಹುಟ್ಟಿ, ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ.

ಬಿಲ್ಲೆಗಳು ಬೇರ್ಪಡುವ ಕ್ಷಣದಲ್ಲಿ ವಿದ್ಯುತ್ತು ಅವುಗಳ ನಡುವೆಯೇ ಹಾರಲು ಹವಣಿಸುತ್ತದೆ. ಹಾಗೆ ಹಾರಿದರೆ ಬಿಲ್ಲೆಯೂ ಸುಡುವುದು, ಕಾಂತಕ್ಷೇತ್ರದ ಕುಸಿತವೂ ಮಂದವಾಗುವುದು. ಅದನ್ನು ತಡೆಯುವುದಕ್ಕೆಂದು ಪಾಯಿಂಟಿನೊಡನೆ ಕಂಡೆನ್ಸರನ್ನು ಜೋಡಿಸಿರುತ್ತಾರೆ. ಅದು ಆ ಕ್ಷಣದ ವಿದ್ಯುತ್ತನ್ನು ತನ್ನೊಳಗೆ ತೆಗೆದುಕೊಂಡು ಕಡಿತವನ್ನು ಚುರುಕುಗೊಳಿಸುತ್ತದೆ.

ಎರಡು ಹೊಡೆತದ ಎಂಜಿನ್ನಿನಲ್ಲಿ ಪ್ರತಿಯೊಂದು ಸುತ್ತಿಗೂ ಒಂದು ಕಿಡಿ. ನಿಮಿಷಕ್ಕೆ ೪೦೦೦ ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು ೬೭ ಸಲ ಪಾಯಿಂಟು ತೆರೆದು ಮುಚ್ಚಬೇಕು, ೬೭ ಸಲ ಕಾಯಿಲು ತುಂಬಿ ಬರಿದಾಗಬೇಕು. ಕಾಯಿಲು, ಕಂಡೆನ್ಸರು, ಪಾಯಿಂಟು, ಪ್ಲಗ್ಗು ಈ ನಾಲ್ಕೂ ಒಂದರ ಅಳತೆಯನ್ನು ಇನ್ನೊಂದು ಬಲ್ಲಂತೆ ಹೊಂದಿಕೊಂಡಿದ್ದರೆ ಮಾತ್ರ ಇದು ಸಾಧ್ಯ.

ಹೊಂದದ್ದು ಬೇರೆ, ಕೆಟ್ಟದ್ದು ಬೇರೆ

ಕೆಟ್ಟುಹೋದ ಭಾಗವನ್ನು ಹುಡುಕುವುದು ಅಷ್ಟೇನೂ ಕಷ್ಟವಲ್ಲ. ತುಂಡಾದ ತಂತಿ, ಒಡೆದ ಪಿಂಗಾಣಿ, ಸುಟ್ಟ ಬಿಲ್ಲೆ ಇವು ಕಣ್ಣಿಗೆ ಬೀಳುತ್ತವೆ. ಹೊಂದದ ಭಾಗವಾದರೋ ಹೊಚ್ಚಹೊಸದಾಗಿ ಹೊಳೆಯುತ್ತಿರುತ್ತದೆ. ಅದರಲ್ಲಿ ದೋಷವಿಲ್ಲ. ದೋಷವಿರುವುದು ಅದು ಕುಳಿತ ಸ್ಥಳದಲ್ಲಿ.

ಹಳಗನ್ನಡ ಕಾವ್ಯಗಳ ಹಸ್ತಪ್ರತಿಗಳನ್ನು ಪರಿಷ್ಕರಿಸುವವರಿಗೆ ಈ ಕಷ್ಟವು ಚಿರಪರಿಚಿತ. ಲಿಪಿಕಾರನು ಒಂದು ಅಕ್ಷರವನ್ನು ಬಿಟ್ಟರೆ ಛಂದಸ್ಸು ಕೆಡುತ್ತದೆ, ತಪ್ಪು ಆ ಕ್ಷಣವೇ ಸಿಕ್ಕಿಬೀಳುತ್ತದೆ. ಆದರೆ ಮೂಲದ ಪದವು ಅರ್ಥವಾಗದೆ ಅದರ ಬದಲು ಅಷ್ಟೇ ಮಾತ್ರೆಗಳುಳ್ಳ ತನಗೆ ಗೊತ್ತಿದ್ದ ಪದವೊಂದನ್ನು ಬರೆದರೆ, ಪದವೂ ಶುದ್ಧ, ಛಂದಸ್ಸೂ ಶುದ್ಧ. ಕೆಟ್ಟಿರುವುದು ಪದ್ಯದ ಅರ್ಥ. ಅಂತಹ ಅಪಪಾಠವು ತಲೆಮಾರುಗಳ ಕಾಲ ಉಳಿದುಬಿಡುತ್ತದೆ. ಬೋಲ್ಟಿನ ತೂತುಗಳು ಸರಿಹೊಂದಿದುವೆಂಬ ಒಂದೇ ಕಾರಣಕ್ಕೆ ಕೂರಿಸಿದ ಕಾಯಿಲು ಇಂತಹ ಅಪಪಾಠವೇ. ತೂತು ಹೊಂದುವುದು ಛಂದಸ್ಸಿನ ಹೊಂದಿಕೆಯಷ್ಟೆ; ಅರ್ಥದ ಹೊಂದಿಕೆಯನ್ನು ಬೇರೆಯಾಗಿ ಪರೀಕ್ಷಿಸಬೇಕು.

ಇದರಲ್ಲಿ ಗಂಡಾಂತರವೂ ಇದೆ. ಕಿಡಿಯು ದುರ್ಬಲವಾದರೆ ಎಂಜಿನ್ನು ಏರಿನಲ್ಲಿ ಸೊರಗುತ್ತದೆ. ಎಂಜಿನ್ನು ಸೊರಗಿದರೆ, “ಬೋರು ಹೋಗಿದೆ” ಎಂಬ ತೀರ್ಪು ಬೇಗನೆ ಬರುತ್ತದೆ. ಉರುಳೆಯನ್ನು ಬೋರು ಮಾಡಿಸಿ ದೊಡ್ಡ ಪಿಸ್ಟನ್ನು ಹಾಕುವುದೆಂದರೆ ಅದರ ಗೋಡೆಯಿಂದ ಲೋಹವನ್ನು ಕೆತ್ತಿ ತೆಗೆಯುವುದು. ಕೆತ್ತಿದ ಲೋಹವು ಮತ್ತೆ ಬರುವುದಿಲ್ಲ. ಒಂದು ಉರುಳೆಗೆ ಇಂತಹ ಕೆತ್ತನೆ ಕೆಲವೇ ಸಲ ಸಾಧ್ಯ. ಕಾಯಿಲೊಂದರ ಅಳತೆಯನ್ನು ನೋಡದ ತಪ್ಪಿಗೆ ಗಟ್ಟಿಮುಟ್ಟಾದ ಉರುಳೆಯು ತನ್ನ ಆಯುಷ್ಯದ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಅದರಿಂದಲೂ ಗುಣ ಕಾಣದಾದಾಗ ಗಾಡಿಯು ಗುಜರಿಯ ತಕ್ಕಡಿಯನ್ನೇರುತ್ತದೆ.

ನಾಲ್ಕು ಭಾಗಗಳು, ನಾಲ್ಕು ಬಗೆಯ ತಪ್ಪುಗಳು

ಮೊದಲನೆಯದು ಕಾಯಿಲು. ಆರು ವೋಲ್ಟಿನ ಕಾಯಿಲಿನ ದಪ್ಪಸುರುಳಿಯ ವಿದ್ಯುತ್‌ರೋಧವು ಸಾಮಾನ್ಯವಾಗಿ ಒಂದರಿಂದ ಎರಡು ಓಮಿನೊಳಗೆ ಇರುತ್ತದೆ. ಹನ್ನೆರಡು ವೋಲ್ಟಿನದು ಮೂರು ನಾಲ್ಕು ಓಮಿನ ಆಸುಪಾಸು. ಹೊರನೋಟಕ್ಕೆ ಎರಡೂ ಅಣ್ಣತಮ್ಮಂದಿರಂತೆ ಇರುತ್ತವೆ. ಒಂದೂವರೆ ಓಮಿನ ಸುರುಳಿಯಲ್ಲಿ ಆರು ವೋಲ್ಟು ನಾಲ್ಕು ಆಂಪಿಯರನ್ನು ಹರಿಸಬಲ್ಲುದು. ಮೂರು ಓಮಿನದರಲ್ಲಿ ಎರಡನ್ನು ಮಾತ್ರ. ಕಾಂತಕ್ಷೇತ್ರದಲ್ಲಿ ಕೂಡುವ ಶಕ್ತಿಯು ಹರಿವಿನ ವರ್ಗಕ್ಕೆ ಅನುಗುಣವಾದುದರಿಂದ, ಇತರ ಗುಣಗಳು ಸಮವಾಗಿದ್ದಲ್ಲಿ ಹರಿವು ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಹನ್ನೆರಡು ವೋಲ್ಟಿನ ಒಳ್ಳೆಯ ಕಾಯಿಲು ಆರು ವೋಲ್ಟಿನ ಗಾಡಿಯಲ್ಲಿ ಬಡಕಲು ಕಿಡಿಯನ್ನು ಕೊಡುತ್ತದೆ. ಇದಕ್ಕೆ ತಿರುವುಮುರುವಾಗಿ, ವೈರಿಂಗನ್ನು ಹನ್ನೆರಡು ವೋಲ್ಟಿಗೆ ಬದಲಾಯಿಸಿದ ಗಾಡಿಯಲ್ಲಿ ಹಳೆಯ ಆರು ವೋಲ್ಟಿನ ಕಾಯಿಲನ್ನೇ ಉಳಿಸಿದರೆ ಹರಿವು ಎಂಟು ಆಂಪಿಯರಿಗೆ ಏರಿ, ಕಾಯಿಲು ಕಾದು, ಪಾಯಿಂಟು ಬೇಗನೆ ಸುಟ್ಟುಹೋಗುತ್ತದೆ. ಇನ್ನೊಂದು ಬಗೆಯ ತಪ್ಪು ಈಚಿನದು: ಪಾಯಿಂಟಿಲ್ಲದ ಸಿ.ಡಿ.ಐ. ವ್ಯವಸ್ಥೆಗೆಂದು ಮಾಡಿದ ಕಾಯಿಲನ್ನು ಪಾಯಿಂಟಿರುವ ಗಾಡಿಗೆ ಹಾಕುವುದು. ಅದರ ದಪ್ಪಸುರುಳಿಯ ರೋಧ ಒಂದು ಓಮಿಗಿಂತಲೂ ಕಡಮೆ. ಪಾಯಿಂಟು ಅದರ ಹರಿವನ್ನು ತಾಳಲಾರದು.

ಎರಡನೆಯದು ಕಂಡೆನ್ಸರು. ಇಂತಹ ವ್ಯವಸ್ಥೆಗೆ ಬೇಕಾದ ಅಳತೆ ಸಾಮಾನ್ಯವಾಗಿ ೦.೨ರಿಂದ ೦.೩ ಮೈಕ್ರೋಫ್ಯಾರಡ್. ಇದು ಎಷ್ಟು ಸಣ್ಣದೆಂದು ತಿಳಿಯಬೇಕಾದರೆ, ಮನೆಯ ಸೀಲಿಂಗ್ ಫ್ಯಾನಿನಲ್ಲಿರುವ ಕಂಡೆನ್ಸರು ೨.೫ ಮೈಕ್ರೋಫ್ಯಾರಡಿನದು, ಅಂದರೆ ಸುಮಾರು ಹತ್ತು ಪಟ್ಟು. ಅಳತೆ ತೀರ ಸಣ್ಣದಾದರೆ ಪಾಯಿಂಟಿನ ನಡುವೆ ನೀಲಿಯ ಕಿಡಿ ಹಾರಿ ಬಿಲ್ಲೆಗಳು ಸುಡುತ್ತವೆ. ತೀರ ದೊಡ್ಡದಾದರೆ ಪಾಯಿಂಟು ಶುಭ್ರವಾಗಿಯೇ ಕಾಣುತ್ತದೆ, ಆದರೆ ಕಾಂತಕ್ಷೇತ್ರದ ಕುಸಿತವು ನಿಧಾನಗೊಂಡು ಪ್ಲಗ್ಗಿನ ಕಿಡಿ ಮಂಕಾಗುತ್ತದೆ. ಅಳತೆ ತಪ್ಪಿದ ಕಂಡೆನ್ಸರಿನೊಡನೆ ಬಹುಕಾಲ ಓಡಿದ ಪಾಯಿಂಟಿನ ಒಂದು ಬಿಲ್ಲೆಯಲ್ಲಿ ಕುಳಿಯೂ ಎದುರಿನದರಲ್ಲಿ ಗುಡ್ಡವೂ ಬೆಳೆದಿರುತ್ತದೆ. ಅದನ್ನು ಉಪ್ಪುಕಾಗದದಿಂದ ಉಜ್ಜಿ ಸಮಮಾಡುವುದು ಚಿಕಿತ್ಸೆಯಲ್ಲ, ರೋಗಲಕ್ಷಣವನ್ನು ಅಳಿಸುವುದಷ್ಟೆ.

ಮೂರನೆಯದು ಪಾಯಿಂಟು. ಕ್ಯಾಮಿನ ಉಬ್ಬು ಪೂರ್ಣವಾಗಿ ಎತ್ತಿದಾಗ ಬಿಲ್ಲೆಗಳ ನಡುವಣ ಅಂತರ ೦.೪ ಮಿಲಿಮೀಟರು ಇರಬೇಕೆಂಬುದು ಜಾವಾ ೨೫೦ರ ರೂಢಿ. ಪ್ರತಿಕೃತಿಯ ಪಾಯಿಂಟಿನಲ್ಲಿ ಕ್ಯಾಮಿಗೆ ತಾಗುವ ಹಿಮ್ಮಡಿಯ ಉದ್ದ ಸ್ವಲ್ಪ ಹೆಚ್ಚುಕಡಮೆಯಾಗಿದ್ದರೆ, ಅಂತರವನ್ನು ಸರಿಪಡಿಸಲು ಹೋದಾಗ ಕಿಡಿಯ ಕಾಲವೇ ತಪ್ಪುತ್ತದೆ. ಅಂತರ ಹಿಗ್ಗಿದಂತೆ ಪಾಯಿಂಟು ಬೇಗ ತೆರೆದು ಕಿಡಿಯು ಮುಂದಾಗುತ್ತದೆ, ಕುಗ್ಗಿದಂತೆ ಹಿಂದಾಗುತ್ತದೆ. ಆದುದರಿಂದ ಅಂತರವನ್ನು ಮೊದಲು, ಕಾಲವನ್ನು ಆಮೇಲೆ ಸರಿಪಡಿಸತಕ್ಕದ್ದು. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಎರಡೂ ಕೆಡುತ್ತವೆ. ಇದಲ್ಲದೆ, ಪಾಯಿಂಟಿನ ಸ್ಪ್ರಿಂಗು ಸಡಿಲವಾದದ್ದಾದರೆ ಮೆಲ್ಲನೆಯ ಓಟದಲ್ಲಿ ಎಲ್ಲವೂ ಸರಿಯಾಗಿದ್ದು, ವೇಗವೇರಿದಾಗ ಬಿಲ್ಲೆಗಳು ಪುಟಿದು ಎಂಜಿನ್ನು ತಡವರಿಸುತ್ತದೆ.

ನಾಲ್ಕನೆಯದು ಪ್ಲಗ್ಗು. ಇದರಲ್ಲಿ ಎರಡು ಹೊಂದಿಕೆಗಳನ್ನು ನೋಡಬೇಕು. ಮೊದಲನೆಯದು ಮರೆಯ ಉದ್ದ. ಹದಿನಾಲ್ಕು ಮಿಲಿಮೀಟರು ವ್ಯಾಸದ ಮರೆಯುಳ್ಳ ಪ್ಲಗ್ಗುಗಳಲ್ಲಿ ಮರೆಯ ಭಾಗವು ೧೨.೭ ಮಿಲಿಮೀಟರು ಉದ್ದವಿರುವವೂ ೧೯ ಮಿಲಿಮೀಟರು ಉದ್ದವಿರುವವೂ ಇವೆ. ಜಾವಾ ೨೫೦ಕ್ಕೆ ಬೇಕಾದುದು ಗಿಡ್ಡನೆಯದು. ಉದ್ದನೆಯದೂ ತಿರುಗಿಸಿದರೆ ಒಳಗೆ ಹೋಗುತ್ತದೆ. ಆದರೆ ಅದರ ತುದಿ ದಹನಕೋಷ್ಠದೊಳಕ್ಕೆ ಚಾಚಿ ಕೆಂಪಗೆ ಕಾಯುತ್ತದೆ, ಪಿಸ್ಟನ್ನಿಗೆ ತಾಗುವ ಅಪಾಯವೂ ಉಂಟು.

ಎರಡನೆಯದು ಉಷ್ಣಮಾನ. ಪ್ಲಗ್ಗು ತನ್ನ ತುದಿಯ ಶಾಖವನ್ನು ಎಷ್ಟು ಬೇಗ ಹೊರಕ್ಕೆ ಬಿಟ್ಟುಕೊಡುತ್ತದೆಂಬುದರ ಮೇಲೆ ಅದನ್ನು ಬಿಸಿಯದು, ತಂಪಿನದು ಎಂದು ವಿಂಗಡಿಸುತ್ತಾರೆ. ಎಂಜಿನ್ನಿಗೆ ತಕ್ಕುದಕ್ಕಿಂತ ಬಿಸಿಯದಾದರೆ ತುದಿ ಕಾದು ಕೆಂಡವಾಗಿ ಕಿಡಿಗಿಂತ ಮುಂಚೆಯೇ ಪೆಟ್ರೋಲಿಗೆ ಬೆಂಕಿ ಹತ್ತೀತು. ತಂಪಿನದಾದರೆ ಎಣ್ಣೆಯ ಮಸಿಯು ಸುಡದೆ ತುದಿಯಲ್ಲೇ ಕಟ್ಟಿಕೊಂಡೀತು. ಇದನ್ನು ಸೂಚಿಸುವ ಅಂಕಿಗಳು ತಯಾರಕರಿಂದ ತಯಾರಕರಿಗೆ ಬೇರೆಬೇರೆ. ಅಷ್ಟೇ ಅಲ್ಲ, ಒಂದಕ್ಕೊಂದು ವಿರುದ್ಧ. ಎನ್‌ಜಿಕೆ ಪ್ಲಗ್ಗುಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ಗು ತಂಪಿನದು. ಚಾಂಪಿಯನ್ ಪ್ಲಗ್ಗುಗಳಲ್ಲಿ ಅಂಕಿ ದೊಡ್ಡದಾದಷ್ಟೂ ಬಿಸಿಯದು. ಬೆಂಗಳೂರಿನಲ್ಲಿ ೧೯೫೧ರಲ್ಲಿ ಸ್ಥಾಪಿತವಾಗಿ, ೨೦೦೮ರಲ್ಲಿ ಬಾಷ್ ಎಂಬ ಹೆಸರನ್ನು ತಳೆದ ಮೈಕೋ ಸಂಸ್ಥೆಯು ಅನುಸರಿಸುತ್ತಿದ್ದುದು ಬಾಷ್ ಪದ್ಧತಿಯನ್ನು. ಆ ಪದ್ಧತಿಯಲ್ಲಿಯೇ ಹಳೆಯದೊಂದು, ಹೊಸದೊಂದು. ಹಳೆಯದರಲ್ಲಿ ೧೪೫, ೧೭೫, ೨೨೫, ೨೪೦ ಎಂದು ಅಂಕಿ ಏರಿದಂತೆ ತಂಪು ಹೆಚ್ಚುತ್ತದೆ. ಹೊಸದರಲ್ಲಿ ಅವೇ ಪ್ಲಗ್ಗುಗಳಿಗೆ ಕ್ರಮವಾಗಿ ೮, ೭, ೫, ೪ ಎಂಬ ಅಂಕಿಗಳು, ಅಂದರೆ ಅಂಕಿ ಇಳಿದಂತೆ ತಂಪು. ಇದನ್ನರಿಯದವನು ಏಳರ ಬದಲು ಎಂಟನ್ನು ಕೊಂಡರೆ, ಒಬ್ಬ ತಯಾರಕನ ಪೆಟ್ಟಿಗೆಯಲ್ಲಿ ಅವನಿಗೆ ತಂಪಿನದೂ ಇನ್ನೊಬ್ಬನ ಪೆಟ್ಟಿಗೆಯಲ್ಲಿ ಬಿಸಿಯದೂ ದೊರೆಯುವುದು. ನಿಘಂಟಿಲ್ಲದೆ ಕಾವ್ಯವನ್ನು ಓದಿದಂತೆ, ಹೋಲಿಕೆಯ ಪಟ್ಟಿಯಿಲ್ಲದೆ ಪ್ಲಗ್ಗನ್ನು ಕೊಳ್ಳಬಾರದು.

ಲಕ್ಷಣಗಳು ಹೇಳುವುದೇನು?

ತೆಗೆದ ಪ್ಲಗ್ಗೇ ಮೊದಲ ಸಾಕ್ಷಿ. ತುದಿಯು ಕಂದುಬಣ್ಣಕ್ಕಿದ್ದರೆ ಕ್ಷೇಮ. ಬಿಳಿಚಿಕೊಂಡು ಗುಳ್ಳೆಯೆದ್ದಿದ್ದರೆ ಅತಿಶಾಖ. ಪ್ಲಗ್ಗು ಬಿಸಿಯದಾಗಿರಬಹುದು, ಕಿಡಿಯ ಕಾಲ ತಪ್ಪಿರಬಹುದು, ಗಾಳಿ ಸೋರಿ ಪೆಟ್ರೋಲು ತೆಳುವಾಗಿಯೂ ಇರಬಹುದು. ಕಪ್ಪಗೆ ಒದ್ದೆಯಾಗಿದ್ದರೆ ಕಿಡಿಯು ಬಡಕಲು, ಪ್ಲಗ್ಗು ತಂಪಿನದು, ಅಥವಾ ಎಣ್ಣೆ ಹೆಚ್ಚು. ಒಂದು ಲಕ್ಷಣಕ್ಕೆ ಹಲವು ಕಾರಣಗಳಿರುವಾಗ ಲಕ್ಷಣವನ್ನು ಕಂಡೊಡನೆ ತೀರ್ಪು ಕೊಡುವುದು ಸಾಹಸವೇ ಹೊರತು ಶಾಸ್ತ್ರವಲ್ಲ.

ಕಿಕ್ಕರು ಕಾಲಿಗೆ ತಿರುಗಿ ಹೊಡೆದರೆ ಕಿಡಿಯು ಕಾಲಕ್ಕಿಂತ ಮುಂದಾಗಿದೆಯೆಂದು ಸಂದೇಹಿಸಬೇಕು. ಎಂಜಿನ್ನು ಕಾದು, ಸತ್ತ್ವವಿಲ್ಲದೆ ಓಡಿ, ಸೈಲೆನ್ಸರಿನ ಕೊಳವೆಯ ಬುಡವು ನೀಲಿಗಟ್ಟಿದರೆ ಹಿಂದಾಗಿರಬಹುದು. ತಣ್ಣಗಿದ್ದಾಗ ಹೊತ್ತಿಕೊಂಡು, ಹತ್ತಾರು ಮೈಲಿ ಓಡಿ ಕಾದ ಮೇಲೆ ನಿಂತು, ಆರಿದ ಬಳಿಕ ಮತ್ತೆ ಹೊರಟರೆ ಕಾಯಿಲು ಅಥವಾ ಕಂಡೆನ್ಸರು ಶಾಖಕ್ಕೆ ಸೋಲುತ್ತಿದೆಯೆಂದು ಊಹಿಸಬಹುದು. ನಿಂತಲ್ಲಿ ಚೆನ್ನಾಗಿ ಓಡಿ, ಹೊರೆ ಬಿದ್ದಾಗ ಮಾತ್ರ ಕೆಮ್ಮಿದರೆ ಅದು ಬಡಕಲು ಕಿಡಿಯ ಗುರುತು.

ಈ ಕೊನೆಯ ಲಕ್ಷಣದಲ್ಲಿಯೇ ಹೆಚ್ಚಿನವರು ಮೋಸಹೋಗುತ್ತಾರೆ. ಪ್ಲಗ್ಗನ್ನು ಹೊರತೆಗೆದು, ಎಂಜಿನ್ನಿನ ಮೈಗೆ ತಾಗಿಸಿ, ಕಿಕ್ಕರು ಹೊಡೆದು ಕಿಡಿ ಹಾರುವುದನ್ನು ನೋಡಿ “ಕರೆಂಟು ಚೆನ್ನಾಗಿದೆ” ಎನ್ನುವುದು ವಾಡಿಕೆ. ಆದರೆ ಬಯಲಿನ ಗಾಳಿಯಲ್ಲಿ ಹಾರುವ ಕಿಡಿಯು ಉರುಳೆಯೊಳಗಣ ಅದುಮಿದ ಗಾಳಿಯಲ್ಲಿ ಹಾರೀತೆಂಬ ಭರವಸೆಯಿಲ್ಲ. ಗಾಳಿಯು ಒತ್ತಾದಷ್ಟೂ ಅದನ್ನು ಭೇದಿಸಲು ಹೆಚ್ಚಿನ ವೋಲ್ಟು ಬೇಕು. ಆದುದರಿಂದ ಬಯಲಿನಲ್ಲಿ ಐದಾರು ಮಿಲಿಮೀಟರು ಅಂತರವನ್ನು ದಾಟುವಷ್ಟು ಕಿಡಿಯಿದ್ದರೆ ಮಾತ್ರ ಅದನ್ನು ಬಲವಾದದ್ದೆಂದು ನಂಬಬಹುದು.

ಪರೀಕ್ಷೆಯ ಕ್ರಮ

ಬ್ಯಾಟರಿಯಿಂದ ಹೊರಟು ಪ್ಲಗ್ಗಿನವರೆಗೆ, ವಿದ್ಯುತ್ತು ಹರಿಯುವ ದಾರಿಯಲ್ಲಿಯೇ ಪರೀಕ್ಷೆಯೂ ಸಾಗಬೇಕು. ಮೊದಲು ಬ್ಯಾಟರಿಯ ವೋಲ್ಟನ್ನು ಅಳೆಯಬೇಕು. ಗಾಡಿಯು ಇನ್ನೂ ಆರು ವೋಲ್ಟಿನದೋ ಹನ್ನೆರಡಕ್ಕೆ ಬದಲಾದದ್ದೋ ಎಂಬ ನಿರ್ಣಯ ಆಗಲೇ ಆಗಬೇಕು. ಯಾವ ಕಾಯಿಲು ಸರಿ ಎಂಬ ಪ್ರಶ್ನೆಗೆ ಉತ್ತರವು ಅದನ್ನೇ ಅವಲಂಬಿಸಿದೆ. ಅನಂತರ ತಂತಿಗಳನ್ನು ಬಿಡಿಸಿ ಕಾಯಿಲಿನ ದಪ್ಪಸುರುಳಿಯ ರೋಧವನ್ನು ಮಲ್ಟಿಮೀಟರಿನಿಂದ ಅಳೆಯಬೇಕು. ಇಷ್ಟು ಸಣ್ಣ ರೋಧವನ್ನು ಅಳೆಯುವಾಗ ಮೀಟರಿನ ಎರಡು ಕಡ್ಡಿಗಳನ್ನು ಮೊದಲು ಒಂದಕ್ಕೊಂದು ತಾಗಿಸಿ, ಆಗ ತೋರುವ ಅಂಕಿಯನ್ನು ಕಳೆಯುವುದು ಅವಶ್ಯ. ಇಲ್ಲವಾದರೆ ಒಂದೂವರೆಯು ಎರಡಾಗಿ ತೋರೀತು. ಕಾಯಿಲಿನ ಮೈಮೇಲಿನ ಬರಹವನ್ನು ಮಾತ್ರ ನಂಬಿ ಕೂರಬಾರದು. ಮತ್ತೆ ಬಣ್ಣ ಬಳಿದ ಸರಕಿಗೆ ಬರಹವೂ ಹೊಸದಾಗಿರುತ್ತದೆ.

ಆಮೇಲೆ ಕಂಡೆನ್ಸರಿನ ಅಳತೆ, ಪಾಯಿಂಟಿನ ಮುಖ ಮತ್ತು ಅಂತರ, ಪ್ಲಗ್ಗಿನ ತಂತಿ ಮತ್ತು ಟೋಪಿ, ಪ್ಲಗ್ಗಿನ ಮರೆಯ ಉದ್ದ ಮತ್ತು ಅಂಕಿ ಇವುಗಳನ್ನು ಒಂದೊಂದಾಗಿ ನೋಡಬೇಕು. ಕಟ್ಟಕಡೆಗೆ ಕಿಡಿಯ ಕಾಲ. ಪಿಸ್ಟನ್ನು ತುತ್ತತುದಿಯನ್ನು ಮುಟ್ಟುವುದಕ್ಕೆ ಎಷ್ಟು ಮಿಲಿಮೀಟರು ಮುಂಚೆ ಪಾಯಿಂಟು ತೆರೆಯಬೇಕೆಂಬುದನ್ನು ಆಯಾ ಮಾದರಿಯ ಕೈಪಿಡಿಯಿಂದ ತಿಳಿದು ಸರಿಪಡಿಸಬೇಕು. ಕಿವಿಯ ಅಂದಾಜಿಗೆ ಬಿಡಬಾರದು.

ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳಿವೆ. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ. ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಸಂದೇಹವಿರುವ ಭಾಗವನ್ನು ತೆಗೆದು, ಸರಿಯಾದುದೆಂದು ಖಚಿತವಾಗಿರುವ ಭಾಗವನ್ನು ಹಾಕಿದಾಗ ರೋಗವು ಹೋದರೆ ಅದು ಅರ್ಧ ಪ್ರಮಾಣ. ಸಂದೇಹದ ಭಾಗವನ್ನೇ ಮತ್ತೆ ಹಾಕಿದಾಗ ರೋಗವು ಮರುಕಳಿಸಿದರೆ ಪ್ರಮಾಣವು ಪೂರ್ಣವಾಯಿತು. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಾಯಿಸಬೇಕೆಂಬ ನಿಯಮವು ಇದರಿಂದಲೇ ಬಂದುದು. ಕಾಯಿಲು, ಪಾಯಿಂಟು, ಪ್ಲಗ್ಗು ಮೂರನ್ನೂ ಒಟ್ಟಿಗೆ ಬದಲಾಯಿಸಿದವನಿಗೆ ಗುಣವು ಕಂಡರೂ ಕಾರಣವು ತಿಳಿಯುವುದಿಲ್ಲ. ಗುಣವು ಕಾಣದಿದ್ದರಂತೂ ಹಳೆಯ ತಪ್ಪಿಗೆ ಹೊಸ ತಪ್ಪು ಸೇರಿಕೊಂಡಿತೋ ಎಂಬುದೂ ತಿಳಿಯುವುದಿಲ್ಲ.

ಒಂದು ನಿದರ್ಶನ

ವಿಷಯವು ಸ್ಪಷ್ಟವಾಗುವಂತೆ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಶ್ರೀರಾಂಪುರದ ಕಡೆಯ ಒಬ್ಬ ನಿವೃತ್ತ ಉಪಾಧ್ಯಾಯರ ಮನೆಯಲ್ಲಿ ಹಳೆಯ ಜಾವಾ ಒಂದಿದೆಯೆನ್ನೋಣ. ಪಟ್ಟಣದಲ್ಲಿರುವ ಮಗನು ತಂದೆಯ ಗಾಡಿಯನ್ನು ಮತ್ತೆ ಓಡಿಸಬೇಕೆಂದು ಹೊಸ ಕಾಯಿಲು, ಹೊಸ ಕಂಡೆನ್ಸರು, ಹೊಸ ಪ್ಲಗ್ಗು ತಂದು ಹಾಕಿಸಿದನು. ಗಾಡಿಯು ಹೊತ್ತಿಕೊಂಡಿತು; ಅಂಗಳದಲ್ಲಿ ಗಂಭೀರವಾಗಿ ಸದ್ದುಮಾಡಿತು. ಇಬ್ಬರು ಕುಳಿತು ಏರನ್ನು ಹತ್ತುವಷ್ಟರಲ್ಲಿ ಕೆಮ್ಮಿ ಸೊರಗಿತು. “ಎಲ್ಲ ಸಾಮಾನೂ ಹೊಸದೇ ಹಾಕಿದೆ ಸ್ವಾಮೀ, ಇನ್ನು ಬೋರೇ ಮಾಡಿಸಬೇಕು” ಎಂದು ಒಬ್ಬನು ಹೇಳಿದನು. ತಂದೆಗೆ ಆ ಮಾತು ಒಪ್ಪಿಗೆಯಾಗಲಿಲ್ಲ. “ಗಾಡಿ ನಿಲ್ಲಿಸುವಾಗ ಏರು ಹತ್ತುತ್ತಿತ್ತಪ್ಪಾ. ನಿಂತಲ್ಲೇ ಬೋರು ಸವೆಯುತ್ತದೆಯೇ?” ಎಂದು ಅವರು ಕೇಳಿದರು.

ಈ ಪ್ರಶ್ನೆಯಲ್ಲಿಯೇ ನಿದಾನವು ಆರಂಭವಾಯಿತು. ನಿಲ್ಲಿಸಿದ ಮೇಲೆ ಬದಲಾದದ್ದೇನು? ಹೊಸ ಸಾಮಾನು. ವಯ್ಯಸ್ಸಾದ ಮೇಸ್ತ್ರಿಯೊಬ್ಬನು ಮೀಟರು ಹಿಡಿದು ನೋಡಲಾಗಿ ಬ್ಯಾಟರಿ ಆರು ವೋಲ್ಟಿನದು, ಕಾಯಿಲಿನ ರೋಧ ಮೂರು ಓಮು ಮೀರಿದ್ದು. ಬಯಲಿನಲ್ಲಿ ಕಿಡಿಯು ಎರಡು ಮಿಲಿಮೀಟರನ್ನು ಮಾತ್ರ ದಾಟಿತು. ಅಟ್ಟದ ಮೇಲೆ ಬಿಸಾಡಿದ್ದ ಹಳೆಯ ಕಾಯಿಲನ್ನು ತಂದು ಅಳೆದರೆ ಒಂದೂವರೆ ಓಮು. ಅದನ್ನು ಹಾಕಿದಾಗ ಗಾಡಿಯು ಏರನ್ನು ಹತ್ತಿತು. ಹೊಸದನ್ನೇ ಮತ್ತೆ ಹಾಕಿದಾಗ ಮತ್ತೆ ಕೆಮ್ಮಿತು. ಉರುಳೆಯು ಕೆತ್ತನೆಯಿಂದ ಪಾರಾಯಿತು.

ಇಲ್ಲಿ ಅಂಗಡಿಯವನು ಕೆಟ್ಟ ಸರಕನ್ನು ಮಾರಲಿಲ್ಲ; ಮೇಸ್ತ್ರಿಯು ಕೆಲಸವನ್ನು ಕದಿಯಲಿಲ್ಲ; ಮಗನ ಪ್ರೀತಿಯಲ್ಲಿಯೂ ಕೊರತೆಯಿರಲಿಲ್ಲ. ಹೊಸದೆಲ್ಲವೂ ಸರಿಯಾದುದೆಂಬ ನಂಬಿಕೆಯೊಂದೇ ತಪ್ಪು. ಹಾಗೆಂದು ಹಳೆಯದೆಲ್ಲವೂ ಸರಿಯೆಂದು ತಿಳಿಯುವುದೂ ಅಷ್ಟೇ ತಪ್ಪು. ಅದೇ ಗಾಡಿಯು ಹನ್ನೆರಡು ವೋಲ್ಟಿಗೆ ಬದಲಾಗಿದ್ದರೆ ಅಟ್ಟದ ಮೇಲಿನ ಕಾಯಿಲೇ ಹೊಂದದ್ದಾಗುತ್ತಿತ್ತು. ಹೊಸದು, ಹಳೆಯದು ಎಂಬುದು ಭಾಗದ ವಯಸ್ಸನ್ನು ಹೇಳುವ ಮಾತು. ಅದರ ಯೋಗ್ಯತೆಯನ್ನು ಹೇಳುವುದು ಅಳತೆಯೊಂದೇ.

ಶಾಲೆಗೂ ಸಮಾಜಕ್ಕೂ ಸಂಬಂಧಿಸಿದ ಮಾತು

ಎಂಜಿನ್ನಿನ ಎಲ್ಲ ಕಾಯಿಲೆಗಳಿಗೂ ಕಿಡಿಯೇ ಕಾರಣವೆಂದು ಇದರಿಂದ ತಿಳಿಯಬಾರದು. ಕಾರ್ಬೊರೇಟರಿನ ಕಸ, ಮಸಿಗಟ್ಟಿದ ಸೈಲೆನ್ಸರು, ಸವೆದ ಎಣ್ಣೆಸೀಲು ಇವೂ ಅವೇ ಲಕ್ಷಣಗಳನ್ನು ತೋರಬಲ್ಲವು. ಬೋರು ನಿಜವಾಗಿಯೂ ಸವೆದಿರುವುದೂ ಉಂಟು. ಹೇಳಬೇಕಾದುದಿಷ್ಟೆ: ಮರಳಿ ಸರಿಪಡಿಸಲಾಗದ ಕೆಲಸಕ್ಕೆ ಕೈಹಾಕುವ ಮೊದಲು, ಮರಳಿ ಸರಿಪಡಿಸಬಹುದಾದ ಪರೀಕ್ಷೆಗಳೆಲ್ಲವೂ ಮುಗಿದಿರಬೇಕು.

ಭೌತಶಾಸ್ತ್ರದ ಪಾಠದಲ್ಲಿ ಓಮನ ನಿಯಮವನ್ನೂ ವಿದ್ಯುತ್ಕಾಂತ ಪ್ರೇರಣೆಯನ್ನೂ ಬೋಧಿಸುವ ಉಪಾಧ್ಯಾಯರಿಗೆ, ಮಕ್ಕಳ ಮನೆಯಂಗಳದಲ್ಲಿಯೇ ನಿಂತಿರುವ ಇಂತಹ ಎಂಜಿನ್ನಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇರೊಂದಿಲ್ಲ. ಒಂದು ಮೀಟರು, ಎರಡು ಕಾಯಿಲು, ಒಂದು ಬ್ಯಾಟರಿ ಇಷ್ಟಿದ್ದರೆ ಹರಿವು ಅರ್ಧವಾದಾಗ ಕಿಡಿ ಹೇಗೆ ಸೊರಗುವುದೆಂಬುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು. ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಯಂತ್ರದ ಕಸುಬನ್ನು ಹಿಡಿದವರಿದ್ದರೆ, ಯಾವ ಮಾದರಿಗೆ ಯಾವ ಕಾಯಿಲು, ಎಷ್ಟು ಓಮು, ಯಾವ ಪ್ಲಗ್ಗು ಎಂಬುದನ್ನು ಕನ್ನಡದಲ್ಲಿ ಬರೆದಿಟ್ಟು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸುವುದು ದೊಡ್ಡ ಉಪಕಾರವಾದೀತು. ಹಿರಿಯ ಮೇಸ್ತ್ರಿಗಳ ಈ ತಿಳಿವಳಿಕೆ ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದದ್ದು. ಬರೆದಿಡದ ವಿದ್ಯೆಯು ಆಡುವ ನಾಲಗೆಯೊಡನೆಯೇ ಹೋಗುತ್ತದೆ. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಇಂದಿಗೂ ಓಡುತ್ತಿರುವುದು ಆ ವಿದ್ಯೆಯ ಬಲದಿಂದ.

ಕಾಯಕವು ಶುದ್ಧವಾಗಿರಬೇಕೆಂದು ಶರಣರು ಬಯಸಿದರು. ಕಣ್ಣಿಗೆ ಹೊಂದಿದ್ದನ್ನೇ ಸರಿಯೆಂದು ಒಪ್ಪದೆ, ಅಳೆದು ನೋಡಿ, ಮರಳಿ ಪರೀಕ್ಷಿಸಿ, ಆಮೇಲೆ ತೀರ್ಪು ಕೊಡುವುದು ಆ ಶುದ್ಧಿಯ ಒಂದು ಮುಖ. ಎಂಜಿನ್ನಿನ ವಿಷಯದಲ್ಲಿ ಈ ಅಭ್ಯಾಸವನ್ನು ಕಲಿತ ವಿದ್ಯಾರ್ಥಿಯು ಮನುಷ್ಯರ ವಿಷಯದಲ್ಲಿಯೂ ಅದನ್ನು ಮರೆಯಲಾರನು. ತರಗತಿಯ ಹಿಂದಿನ ಬೆಂಚಿನಲ್ಲಿ ಸೊರಗಿ ಕುಳಿತ ಹುಡುಗನನ್ನು ಕಂಡು “ಇವನು ಆಗದವನು” ಎಂದು ತೀರ್ಪು ಕೊಡುವ ಮುನ್ನ, ಅವನು ಕುಳಿತಿರುವ ಸ್ಥಳವು ಅವನಿಗೆ ಹೊಂದುವಂಥದೇ ಎಂದು ಒಮ್ಮೆ ನೋಡುವುದು ಉಪಾಧ್ಯಾಯನ ಧರ್ಮವೂ ಹೌದು.